ನಾಡು ಹಂಚಿಹೋಗುವ ಮುನ್ನ

ಅರ್ಧ ಹಾಳೆಯಷ್ಟೂ ಇಲ್ಲದ ಬರಹ ಅದು. ಮೇಲೆ ಕೆಲವೇ ಸಾಲು, ಕೆಳಗೆ ಒತ್ತೊತ್ತಾಗಿ 40 ಮಂದಿಯ ಸಹಿ. ಒಂದಷ್ಟು ಸಹಿಗಳು ಲ್ಯಾಟಿನ್ ಅಕ್ಷರಗಳಲ್ಲಿವೆ, ಒಂದಷ್ಟು ಅರಬ್ಬಿ ಲಿಪಿಯಲ್ಲಿ. ತಾರೀಕನ್ನು ಹಳೆಯ ಕ್ಯಾಲೆಂಡರು, ಹೊಸ ಕ್ಯಾಲೆಂಡರು ಎರಡಕ್ಕೂ ಹೊಂದುವಂತೆ 15/28 ಎಂದು ಬರೆದಿದ್ದಾರೆ. ಇಸವಿ 1328. ಆಟೊಮನ್ ಸರ್ಕಾರಿ ಕಚೇರಿಗಳ ಲೆಕ್ಕ ಅದು. ನಮ್ಮ ಲೆಕ್ಕಕ್ಕೆ 1912ರ ನವೆಂಬರ್ ತಿಂಗಳು. ಅಲ್ಬೇನಿಯಾ ಇಂದಿನಿಂದ ಯಾರ ಅಧೀನದಲ್ಲೂ ಇಲ್ಲದ ಸ್ವತಂತ್ರ ದೇಶ ಎಂದು ಸಾರಿದ ಕಾಗದವದು. ಆಟೊಮನ್ ಆಳ್ವಿಕೆಯಿಂದ ಬಿಡಿಸಿಕೊಂಡ ದಿನವನ್ನು ಆಟೊಮನ್ ಇಸವಿಯಲ್ಲೇ ಬರೆದಿಟ್ಟ ಆ ಕಾಗದದ ಮೂಲಪ್ರತಿ ಈಗ ಇಲ್ಲ. ಉಳಿದಿರುವುದು ಅದರ ಪಡಿಯಚ್ಚು ಮಾತ್ರ.

ಸಹಿ ಮಾಡಿದವರ ಮುಂದಾಳು ಇಸ್ಮಾಯಿಲ್ ಕೆಮಾಲಿ. ಆಗ ಅವರಿಗೆ 68 ವರ್ಷ, ಬಿಳಿ ಗಡ್ಡದ ಹಿರಿಯ. ದೇಶದ ಸ್ವಾತಂತ್ರ್ಯ ಸಾರಿದ ನಾಯಕನೆಂದರೆ ಹರೆಯದಲ್ಲೇ ಬಂದೂಕು ಹಿಡಿದು ಬೆಟ್ಟ ಹತ್ತಿದವನು ಎಂಬ ಚಿತ್ರವೇ ನಮ್ಮ ಮನಸ್ಸಿಗೆ ಮೊದಲು ಬರುತ್ತದೆ. ಕೆಮಾಲಿ ಅಂಥವರಲ್ಲ. ಬದುಕಿನ ಬಹುಪಾಲು ಅವರು ಸುಲ್ತಾನನ ಸರ್ಕಾರದಲ್ಲಿ ನೌಕರಿ ಮಾಡಿದವರು. ಪ್ರಾಂತ್ಯಗಳಿಗೆ ಗವರ್ನರ್ ಆಗಿದ್ದವರು. ಇಸ್ತಾಂಬುಲ್‌ನ ಸಂಸತ್ತಿನಲ್ಲಿ ಕೂತವರು. ಸಾಮ್ರಾಜ್ಯವನ್ನು ಒಡೆಯಬೇಕೆಂದು ಅವರು ಹೊರಟಿರಲಿಲ್ಲ, ರಿಪೇರಿ ಮಾಡಬೇಕೆಂದು ಹೊರಟಿದ್ದರು. ರಿಪೇರಿ ಆಗದು ಎಂದು ಖಾತ್ರಿಯಾದ ಮೇಲೆ, ಅದೂ ಮಾಡು ಕುಸಿದು ತಲೆಯ ಮೇಲೆ ಬೀಳುತ್ತಿದ್ದ ಗಳಿಗೆಯಲ್ಲಿ, ತಮ್ಮ ಜನರನ್ನು ಕರೆದುಕೊಂಡು ಹೊರಗೆ ಬಂದರು. ಆ ಗಳಿಗೆಯನ್ನು ಗುರುತಿಸಿದ್ದೇ ಅವರ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ. ಹತ್ತು ದಿನ ತಡವಾಗಿದ್ದರೆ ಯುರೋಪಿನ ನಕ್ಷೆಯಲ್ಲಿ ಅಲ್ಬೇನಿಯಾ ಎಂಬ ಹೆಸರು ಇರುತ್ತಿತ್ತೋ ಇಲ್ಲವೋ.

ಇಟಲಿಯ ಬೂಟಿನ ಹಿಮ್ಮಡಿಯ ಎದುರಿಗೆ, ಸುಮಾರು 70 ಕಿಲೋಮೀಟರ್ ಅಗಲದ ಸಮುದ್ರ ದಾಟಿದರೆ ವ್ಲೋರಾ ಎಂಬ ಬಂದರು ಸಿಗುತ್ತದೆ. ಕೆಮಾಲಿ 1844ರಲ್ಲಿ ಹುಟ್ಟಿದ್ದು ಅಲ್ಲಿ. ಊರಿನ ಹೆಸರೇ ಮನೆತನದ ಹೆಸರಾಗುವಷ್ಟು ದೊಡ್ಡ ಜಮೀನ್ದಾರಿ ಕುಟುಂಬ. 1847ರಲ್ಲಿ ದಕ್ಷಿಣ ಅಲ್ಬೇನಿಯಾದ ಜನ ಹೊಸ ತೆರಿಗೆ, ಕಡ್ಡಾಯ ಸೈನ್ಯಸೇವೆಗಳ ವಿರುದ್ಧ ದಂಗೆ ಎದ್ದಾಗ ಆ ಕುಟುಂಬವೂ ಸರ್ಕಾರದ ಸಿಟ್ಟಿಗೆ ಗುರಿಯಾಗಿ ಕೆಲ ವರ್ಷ ಗಡಿಪಾರಿನಲ್ಲಿ ಕಳೆಯಬೇಕಾಯಿತು. ಹಾಗಿದ್ದೂ ಅದೇ ಸರ್ಕಾರದ ಚಾಕರಿಗೆ ಅದೇ ಮನೆಯ ಹುಡುಗರು ಹೋದರು. ಆಗಿನ ರೀತಿಯೇ ಹಾಗಿತ್ತು: ಇಸ್ತಾಂಬುಲ್ ಒಂದು ಕೈಯಲ್ಲಿ ಹೊಡೆಯುತ್ತಿತ್ತು, ಇನ್ನೊಂದು ಕೈಯಲ್ಲಿ ಹುದ್ದೆ ಕೊಡುತ್ತಿತ್ತು.

ಹುಡುಗ ಓದಿದ್ದು ಯಾನಿನಾದ ಝೋಸಿಮಿಯಾ ಎಂಬ ಗ್ರೀಕ್ ಶಾಲೆಯಲ್ಲಿ. ಅಲ್ಬೇನಿಯನ್ ಭಾಷೆಯಲ್ಲಿ ಕಲಿಸುವ ಶಾಲೆ ಎಲ್ಲೂ ಇರಲಿಲ್ಲ. ಮುಸ್ಲಿಮರಾದರೆ ಟರ್ಕಿ ಭಾಷೆಯ ಶಾಲೆ, ಆರ್ಥೊಡಾಕ್ಸ್ ಕ್ರೈಸ್ತರಾದರೆ ಗ್ರೀಕ್ ಶಾಲೆ, ಕೆಥೊಲಿಕರಾದರೆ ಇಟಲಿಯ ಪಾದ್ರಿಗಳ ಶಾಲೆ. ಮನೆಯಲ್ಲಿ ಆಡುವ ಮಾತು ಒಂದೇ, ಅದನ್ನು ಬರೆಯಲು ಒಪ್ಪಿತವಾದ ಲಿಪಿಯೇ ಇಲ್ಲ. ಕೊರ್ಚಾ ಊರಿನಲ್ಲಿ ಮೊದಲ ಅಲ್ಬೇನಿಯನ್ ಶಾಲೆ ಬಾಗಿಲು ತೆರೆದಾಗ 1887. ಕೆಮಾಲಿಗೆ ಆಗಲೇ ನಲವತ್ತು ದಾಟಿತ್ತು.

ಹದಿನೈದು ಹದಿನಾರರ ವಯಸ್ಸಿಗೆ ಇಸ್ತಾಂಬುಲ್‌ಗೆ ಹೋದವರು ವಿದೇಶಾಂಗ ಖಾತೆಯಲ್ಲಿ ಅನುವಾದಕರಾದರು. ಅಲ್ಲಿಂದ ಅವರನ್ನು ಎತ್ತಿಕೊಂಡವರು ಮಿಧತ್ ಪಾಷಾ. ಆಟೊಮನ್ ಸುಧಾರಕರಲ್ಲಿ ಆತನಷ್ಟು ಕೆಲಸಗಾರ ಇನ್ನೊಬ್ಬನಿಲ್ಲ. ಇಂದಿನ ಬಲ್ಗೇರಿಯಾ ಇರುವ ಡಾನ್ಯೂಬ್ ಪ್ರಾಂತ್ಯದಲ್ಲಿ ರಸ್ತೆ ಹಾಕಿಸಿ, ಸೇತುವೆ ಕಟ್ಟಿಸಿ, ಬಡ್ಡಿ ಸಾಹುಕಾರರ ಕೈಯಿಂದ ರೈತರನ್ನು ತಪ್ಪಿಸಲು ಸಾಲನಿಧಿಗಳನ್ನು ತೆರೆದವರು. ಕೆಮಾಲಿ ಆಡಳಿತ ಕಲಿತಿದ್ದು ಅವರ ಕೈಕೆಳಗೆ. ವಾರ್ನಾ ಬಂದರಿನ ಗವರ್ನರ್ ಆದರು, ಡಾನ್ಯೂಬ್ ನದಿಯ ಅಂತರರಾಷ್ಟ್ರೀಯ ಆಯೋಗದಲ್ಲಿ ತಮ್ಮ ಸರ್ಕಾರದ ಪ್ರತಿನಿಧಿಯಾಗಿ ಯುರೋಪಿನ ರಾಜತಂತ್ರಜ್ಞರ ಪಕ್ಕದಲ್ಲಿ ಕೂತರು. ಯಾವ ದೇಶಕ್ಕೆ ಯಾವ ನದಿ, ಯಾವ ಬಂದರು ಏಕೆ ಬೇಕು, ಮೇಜಿನ ಮೇಲೆ ಆಡುವ ಮಾತಿಗೂ ಮೇಜಿನ ಕೆಳಗೆ ನಡೆಯುವ ವ್ಯವಹಾರಕ್ಕೂ ಇರುವ ಅಂತರವೆಷ್ಟು ಎನ್ನುವ ತಿಳಿವಳಿಕೆ ಅವರಿಗೆ ಬಂದಿದ್ದು ಅಲ್ಲಿ. ಮುಂದೆ 1912ರಲ್ಲಿ ಕೈಹಿಡಿದದ್ದು ಅದೇ.

1876ರಲ್ಲಿ ಮಿಧತ್ ಪಾಷಾರ ನೇತೃತ್ವದಲ್ಲಿ ಆಟೊಮನ್ ದೇಶಕ್ಕೆ ಮೊದಲ ಸಂವಿಧಾನ ಬಂತು. ಎರಡು ವರ್ಷ ತುಂಬುವುದರೊಳಗೆ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಅದನ್ನು ಕಟ್ಟಿ ಮೂಲೆಗಿಟ್ಟ. ಮಿಧತ್ ಕೊನೆಗೆ ಅರೇಬಿಯಾದ ತಾಯಿಫ್ ಸೆರೆಮನೆಯಲ್ಲಿ ಕೊಲೆಯಾದರು. ಶಿಷ್ಯ ಕೆಮಾಲಿಗೆ ಅನತೋಲಿಯಾದ ಒಳನಾಡಿನಲ್ಲಿ ಸುಮಾರು ಏಳು ವರ್ಷದ ಗಡಿಪಾರು. ಕ್ಷಮಾದಾನ ಸಿಕ್ಕ ಮೇಲೆ ಬೋಲು, ಗಲಿಪೊಲಿ, ಬೈರೂತ್ ಹೀಗೆ ಒಂದೊಂದು ಕಡೆ ಗವರ್ನರ್ ಹುದ್ದೆ. ಸುಲ್ತಾನನಿಗೆ ಇವರ ಬುದ್ಧಿ ಬೇಕಿತ್ತು, ಇವರ ಮೇಲೆ ನಂಬಿಕೆ ಇರಲಿಲ್ಲ. 1900ರಲ್ಲಿ ದೂರದ ಟ್ರಿಪೊಲಿಗೆ ಗವರ್ನರ್ ಎಂದು ಆದೇಶ ಬಂತು. ಬಡ್ತಿಯ ಹೆಸರಿನಲ್ಲಿ ಮತ್ತೊಂದು ಗಡಿಪಾರು ಎಂದು ಅರಿತ ಕೆಮಾಲಿ ಆ ವರ್ಷದ ಮೇ ತಿಂಗಳಲ್ಲಿ ಬ್ರಿಟಿಷ್ ರಾಯಭಾರಿಯ ಹಡಗನ್ನು ಏರಿ ರಾಜಧಾನಿ ಬಿಟ್ಟೇಬಿಟ್ಟರು. ಆಗ 56 ವರ್ಷ.

ಮುಂದಿನ ಎಂಟು ವರ್ಷ ಅಥೆನ್ಸ್, ರೋಮ್, ಬ್ರಸೆಲ್ಸ್, ಪ್ಯಾರಿಸ್, ಲಂಡನ್. ಅಲ್ಬೇನಿಯನ್ನರ ಹಕ್ಕುಗಳ ಬಗ್ಗೆ ಅವರು ಬಾಯಿಬಿಟ್ಟು ಬರೆಯತೊಡಗಿದ್ದು ಈ ಕಾಲದಲ್ಲಿ. ಆದರೆ 1902ರಲ್ಲಿ ಪ್ಯಾರಿಸ್‌ನಲ್ಲಿ ಸುಲ್ತಾನನ ವಿರೋಧಿಗಳೆಲ್ಲ ಸಭೆ ಸೇರಿದಾಗ ಅವರು ನಿಂತದ್ದು ರಾಜಕುಮಾರ ಸಬಾಹುದ್ದೀನನ ಗುಂಪಿನ ಜೊತೆ: ಸಾಮ್ರಾಜ್ಯ ಉಳಿಯಲಿ, ಅಧಿಕಾರ ಪ್ರಾಂತ್ಯಗಳಿಗೆ ಹಂಚಿಹೋಗಲಿ, ಒಬ್ಬೊಬ್ಬರೂ ತಮ್ಮ ಭಾಷೆ, ತಮ್ಮ ಶಾಲೆ ಇಟ್ಟುಕೊಳ್ಳಲಿ ಎನ್ನುವ ಪಕ್ಷ. ಸ್ವಾರಸ್ಯವೆಂದರೆ ಅವರದೇ ದಾಯಾದಿ ಫೆರೀದ್ ಪಾಷಾ 1903ರಿಂದ 1908ರವರೆಗೆ ಸುಲ್ತಾನನ ಪ್ರಧಾನ ವಜೀರ. ಒಂದೇ ಮನೆತನದ ಒಬ್ಬರು ಗದ್ದುಗೆಯ ಬಲಗಡೆ, ಇನ್ನೊಬ್ಬರು ಪರದೇಶದಲ್ಲಿ.

1908ರಲ್ಲಿ ಸುಲ್ತಾನನ ವಿರೋಧಿಗಳಾದ ಯಂಗ್ ಟರ್ಕ್‌ರ ಕ್ರಾಂತಿಯಾಗಿ ಸಂವಿಧಾನ ಮರಳಿ ಬಂದಾಗ ಅಲ್ಬೇನಿಯನ್ನರು ಬೀದಿಯಲ್ಲಿ ಕುಣಿದರು. ಕೆಮಾಲಿ ಬೆರಾತ್ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಹೋದರು. ಅದೇ ನವೆಂಬರಿನಲ್ಲಿ ಮನಾಸ್ತಿರ್ ಪಟ್ಟಣದಲ್ಲಿ ಸಮಾವೇಶ ಸೇರಿದ ಅಲ್ಬೇನಿಯನ್ ವಿದ್ವಾಂಸರು ತಮ್ಮ ಭಾಷೆಗೆ ಲ್ಯಾಟಿನ್ ಅಕ್ಷರಗಳನ್ನು ಗೊತ್ತುಮಾಡಿದರು. ಯಂಗ್ ಟರ್ಕ್‌ರಿಗೆ ಇದು ಸೇರಲಿಲ್ಲ. ಅರಬ್ಬಿ ಲಿಪಿಯೇ ಇರಬೇಕು ಎಂದರು. ಒಂದೇ ದೇಶ, ಒಂದೇ ಆಡಳಿತ, ಒಂದೇ ಭಾಷೆ ಎಂಬ ಹಾದಿ ಹಿಡಿದರು. 1909ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಪ್ರತಿಕ್ರಾಂತಿ ಎದ್ದಾಗ ಆ ಗೊಂದಲದ ಕೆಲವು ದಿನಗಳ ಮಟ್ಟಿಗೆ ಕೆಮಾಲಿ ಸಂಸತ್ತಿನ ಅಧ್ಯಕ್ಷರಾದರು. ಸಲೋನಿಕಾದಿಂದ ಸೈನ್ಯ ಬಂದು ಊರು ಹಿಡಿದ ಮೇಲೆ ಮತ್ತೆ ಹೊರನಾಡು. ಸಿಂಹಾಸನದಿಂದ ಇಳಿಸಿದ್ದೇವೆ ಎಂದು ಅಬ್ದುಲ್ ಹಮೀದನಿಗೆ ಹೇಳಲು ಅರಮನೆಗೆ ಹೋದ ನಾಲ್ವರಲ್ಲಿ ಒಬ್ಬ ಎಸ್ಸಾದ್ ಪಾಷಾ ತೊಪ್ತಾನಿ, ಮಧ್ಯ ಅಲ್ಬೇನಿಯಾದ ಭಾರಿ ಜಮೀನ್ದಾರ. ಈ ಹೆಸರು ಮತ್ತೆ ಬರುತ್ತದೆ.

1910ರಲ್ಲಿ ಕೊಸೊವೊ ದಂಗೆ ಎದ್ದಿತು. ಸೈನ್ಯ ಹಳ್ಳಿಹಳ್ಳಿ ನುಗ್ಗಿ ಬಂದೂಕು ಕಸಿದುಕೊಂಡಿತು, ಅಲ್ಬೇನಿಯನ್ ಶಾಲೆ ಮತ್ತು ಪತ್ರಿಕೆಗಳನ್ನು ಮುಚ್ಚಿಸಿತು. ಮರುವರ್ಷ ಉತ್ತರದ ಬೆಟ್ಟಗಳ ಕೆಥೊಲಿಕ್ ಬುಡಕಟ್ಟುಗಳ ಸರದಿ. ಕೆಮಾಲಿ ಮಾಂಟೆನೆಗ್ರೊ ನೆಲದ ಗೆರ್ಚೆ ಎಂಬ ಹಳ್ಳಿಗೆ ಹೋಗಿ, ದಂಗೆಕೋರರ ನಡುವೆ ಕೂತು, ಕವಿ ಹಾಗೂ ಶಿಕ್ಷಕ ಲುಯಿಜ್ ಗುರಾಕುಚಿ ಜೊತೆ ಸೇರಿ 1911ರ ಜೂನ್‌ನಲ್ಲಿ ಮನವಿಪತ್ರ ಸಿದ್ಧಪಡಿಸಿದರು. ಅಲ್ಬೇನಿಯನ್ ಭಾಷೆಯ ಶಾಲೆಗಳು, ಭಾಷೆ ಬಲ್ಲ ಅಧಿಕಾರಿಗಳು, ಸ್ಥಳೀಯ ಆಡಳಿತ. ಆಗಲೂ ಸ್ವಾತಂತ್ರ್ಯ ಬೇಕೆಂದು ಅದರಲ್ಲಿ ಬರೆಯಲಿಲ್ಲ. 1912ರ ಬೇಸಿಗೆಯ ದಂಗೆ ಮಾತ್ರ ಸರ್ಕಾರವನ್ನು ಅಲ್ಲಾಡಿಸಿತು. ಹಸನ್ ಪ್ರಿಷ್ತಿನಾ, ಇಸಾ ಬೊಲೆತಿನಿ ಮೊದಲಾದವರು ಮುಂದಾಗಿ ಆಗಸ್ಟ್‌ನಲ್ಲಿ ಸ್ಕೋಪಿಯೆ ನಗರವನ್ನೇ ಹಿಡಿದರು. ಮುಂದಿಟ್ಟ 14 ಬೇಡಿಕೆಗಳಲ್ಲಿ ಹೆಚ್ಚಿನವನ್ನು ಇಸ್ತಾಂಬುಲ್ ಸೆಪ್ಟೆಂಬರ್ 4ರಂದು ಒಪ್ಪಿತು.

ಆ ಗೆಲುವೇ ಮುಳುವಾಯಿತು. ಅಲ್ಬೇನಿಯನ್ನರಿಗೆ ಸ್ವಾಯತ್ತ ಪ್ರಾಂತ್ಯ ಕೊಟ್ಟರೆ ತಾವು ಕಣ್ಣಿಟ್ಟಿದ್ದ ನೆಲ ಕೈತಪ್ಪುತ್ತದೆ ಎಂದು ನೆರೆಯ ದೇಶಗಳಿಗೆ ಅನ್ನಿಸಿತು. ಬಂಡಾಯಗಾರರೆದುರು ಬಾಗಿದ ಆಟೊಮನ್ ಸೈನ್ಯ ಎಷ್ಟು ಸಡಿಲಾಗಿದೆ ಎಂಬುದೂ ಗೊತ್ತಾಯಿತು. ಅಕ್ಟೋಬರ್ 8ಕ್ಕೆ ಮಾಂಟೆನೆಗ್ರೊ ಯುದ್ಧ ಸಾರಿತು. ಹತ್ತೇ ದಿನದಲ್ಲಿ ಸರ್ಬಿಯಾ, ಬಲ್ಗೇರಿಯಾ, ಗ್ರೀಸ್ ಜೊತೆಗೂಡಿದವು. ಅಕ್ಟೋಬರ್ 24ಕ್ಕೆ ಕುಮನೊವೊ ಕಾಳಗದಲ್ಲಿ ಆಟೊಮನ್ನರು ಮುರಿದುಬಿದ್ದರು. 26ಕ್ಕೆ ಸರ್ಬ್ ಸೈನ್ಯ ಸ್ಕೋಪಿಯೆ ಹೊಕ್ಕಿತು. ಅದೇ ಪಟ್ಟಣದ ಒಂದು ಕೆಥೊಲಿಕ್ ಅಲ್ಬೇನಿಯನ್ ಮನೆಯಲ್ಲಿ ಆಗ ಎರಡು ವರ್ಷದ ಹೆಣ್ಣುಮಗುವೊಂದಿತ್ತು. 1929ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಮದರ್ ತೆರೇಸಾ ಆದ ಮಗು ಅದು. ಈ ಬಾಲ್ಕನ್ ಯುದ್ಧ ನಮಗೆ ತೀರಾ ಪರರ ಕಥೆಯೇನಲ್ಲ.

ಇಷ್ಟರಲ್ಲಿ ಕೆಮಾಲಿ ಏನು ಮಾಡುತ್ತಿದ್ದರು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ದಿನಗಳನ್ನು ಎಣಿಸಿ ಎಣಿಸಿ ಅವರು ಹೆಜ್ಜೆ ಇಟ್ಟರು. ನವೆಂಬರ್ ಮೊದಲ ವಾರ ರುಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿದ್ದರು. ಅಲ್ಲಿ ವ್ಯಾಪಾರಕ್ಕೆ ಹೋಗಿ ನೆಲೆಸಿದ್ದ ಅಲ್ಬೇನಿಯನ್ನರ ದೊಡ್ಡ ಸಮುದಾಯವಿತ್ತು. ಅವರನ್ನು ಕೂಡಿಸಿ, ನಾಡಿನ ಪ್ರತಿನಿಧಿಗಳ ಸಭೆ ಕರೆಯುವುದೆಂದು ತೀರ್ಮಾನಿಸಿದರು. ಅಲ್ಲಿಂದ ವಿಯೆನ್ನಾ, ಬುಡಾಪೆಸ್ಟ್. ಆಸ್ಟ್ರಿಯಾ-ಹಂಗೆರಿಯ ವಿದೇಶಾಂಗ ಮಂತ್ರಿ ಕೌಂಟ್ ಬೆರ್ಕ್ಟೋಲ್ಡ್ ಜೊತೆ ಮಾತುಕತೆ. ಸರ್ಬಿಯಾಕ್ಕೆ ಆಡ್ರಿಯಾಟಿಕ್ ಸಮುದ್ರದ ದಂಡೆ ಸಿಗಬಾರದು ಎಂಬುದು ಆಸ್ಟ್ರಿಯಾದ ಪಟ್ಟು. ಅಲ್ಬೇನಿಯನ್ನರ ಮೇಲಿನ ಪ್ರೀತಿಯಿಂದ ಯಾರೂ ಸಹಾಯ ಮಾಡುವುದಿಲ್ಲ, ಸ್ವಂತ ಲಾಭಕ್ಕಾಗಿ ಮಾಡುತ್ತಾರೆ. ಆ ಲಾಭ ನಮ್ಮ ಉಳಿವಿನೊಂದಿಗೆ ಕೂಡುವ ಜಾಗ ಎಲ್ಲಿದೆಯೋ ಅಲ್ಲಿ ನಿಲ್ಲಬೇಕು. ಡಾನ್ಯೂಬ್ ಆಯೋಗದಲ್ಲಿ ಕಲಿತ ಪಾಠ ಇದು. ಮಾತುಕತೆ ಮುಗಿಯುತ್ತಲೇ ಊರೂರಿನಿಂದ ಪ್ರತಿನಿಧಿಗಳು ಬರಲಿ ಎಂದು ತಂತಿ ಹೋಯಿತು.

ಟ್ರಿಯೆಸ್ಟ್‌ನಿಂದ ಆಸ್ಟ್ರಿಯಾದ ಹಡಗು ಹತ್ತಿ ನವೆಂಬರ್ 21ಕ್ಕೆ ದುರ್ರೆಸ್ ಬಂದರಿನಲ್ಲಿ ಇಳಿದರು. ಬಾವುಟ ಹಾರಿಸಲು ಇದೇ ಸರಿಯಾದ ಊರು ಎಂದುಕೊಂಡಿದ್ದಿರಬಹುದು. ಆದರೆ ಅಲ್ಲಿ ಸ್ವಾಗತವಿರಲಿಲ್ಲ. ಆಟೊಮನ್ ಅಧಿಕಾರಿಗಳು ಇನ್ನೂ ಕುರ್ಚಿಯಲ್ಲಿದ್ದರು, ಗ್ರೀಕ್ ಬಿಷಪ್ ವಿರುದ್ಧವಾಗಿದ್ದರು, ಯುದ್ಧದಲ್ಲಿ ಟರ್ಕರು ಸೋಲುತ್ತಿದ್ದಾರೆಂದು ನಂಬಲು ಊರಿನವರೇ ಸಿದ್ಧರಿರಲಿಲ್ಲ. ಕೆಮಾಲಿ ವಾದಕ್ಕೆ ನಿಲ್ಲದೆ ತಮ್ಮ ಊರಿನ ದಾರಿ ಹಿಡಿದರು. ನವೆಂಬರಿನ ಮಳೆ, ಕರಾವಳಿಯ ಆ ಬಯಲು ಆಗೆಲ್ಲ ಜವುಗು ನೆಲ, ರಸ್ತೆಯೆಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ. 68ರ ವಯಸ್ಸಿನಲ್ಲಿ ಕುದುರೆಯ ಮೇಲೆ, ಕೆಸರಿನಲ್ಲಿ, ನೂರು ಕಿಲೋಮೀಟರಿಗೂ ಮೀರಿದ ಹಾದಿ. ಬೆನ್ನ ಹಿಂದೆ ಸರ್ಬ್ ಸೈನ್ಯ ಬೆಟ್ಟ ಇಳಿದು ಸಮುದ್ರದ ಕಡೆ ಬರುತ್ತಿತ್ತು. ಅವರು ಇಳಿದಿದ್ದ ದುರ್ರೆಸ್ ನವೆಂಬರ್ ಮುಗಿಯುವುದರೊಳಗೆ ಆ ಸೈನ್ಯದ ಪಾಲಾಯಿತು.

ವ್ಲೋರಾ ತಲುಪಿದಾಗ ಊರಿಗೆ ಊರೇ ಎದುರುಗೊಂಡಿತು. ಸಭೆಯ ದಿನ ನವೆಂಬರ್ 28, ಗುರುವಾರ. ಸ್ಕಂದರ್‌ಬೇಗ್ ಎಂದು ಹೆಸರಾದ ಹದಿನೈದನೇ ಶತಮಾನದ ವೀರ ಕ್ರೂಯಾ ಕೋಟೆಯ ಮೇಲೆ 1443ರಲ್ಲಿ ತನ್ನ ಬಾವುಟ ಏರಿಸಿದ್ದೂ ನವೆಂಬರ್ 28ಕ್ಕೇ ಎಂದು ಅಲ್ಬೇನಿಯನ್ನರು ನಂಬುತ್ತಾರೆ. ಕೆಮಾಲಿಯ ಬಂಧುಗಳ ಎರಡು ಅಂತಸ್ತಿನ ಮನೆಯಲ್ಲಿ ಸಭೆ ಸೇರಿತು. ಯುದ್ಧದಿಂದಾಗಿ ಎಷ್ಟೋ ಪ್ರತಿನಿಧಿಗಳು ದಾರಿಯಲ್ಲೇ ಸಿಕ್ಕಿಬಿದ್ದಿದ್ದರು. ಇಸಾ ಬೊಲೆತಿನಿ ಕೊಸೊವೊದಿಂದ ತನ್ನ ಸವಾರರ ಜೊತೆ ಬಂದು ಮುಟ್ಟುವಷ್ಟರಲ್ಲಿ ಮರುದಿನವಾಗಿತ್ತು. ಇನ್ನೂ ಬರುವವರಿಗಾಗಿ ಕಾಯೋಣ ಎಂದುಕೊಳ್ಳಬಹುದಿತ್ತು. ಕೆಮಾಲಿ ಕಾಯಲಿಲ್ಲ. ಸಭೆಗೆ ಪರಿಸ್ಥಿತಿ ವಿವರಿಸಿದರು: ಅಲ್ಬೇನಿಯನ್ನರು ಸಾಮ್ರಾಜ್ಯಕ್ಕಾಗಿ ಶತಮಾನಗಟ್ಟಲೆ ರಕ್ತ ಸುರಿಸಿದ್ದಾರೆ, ಈಗ ಅದು ತನ್ನನ್ನೇ ಕಾಯ್ದುಕೊಳ್ಳಲಾರದು, ನಾವು ಪ್ರತ್ಯೇಕ ಎಂದು ಈಗಲೇ ಹೇಳದಿದ್ದರೆ ನಮ್ಮ ನೆಲ ಗೆದ್ದವರ ಪಾಲು. ಇದು ಅವರ ಮಾತಿನ ತಾತ್ಪರ್ಯ.

ಮನೆಯ ಯಜಮಾನ ಸಾಯುವ ಹೊತ್ತಿಗೆ ಅಕ್ಕಪಕ್ಕದವರು ಸರಪಳಿ ಹಿಡಿದು ಹೊಲ ಅಳೆಯಲು ಬಂದರೆ, ಆ ಹೊಲ ಉಳುತ್ತ ಬಂದವನು ಎದ್ದು ನಿಂತು ಇದು ನನ್ನದು ಎನ್ನಬೇಕು. ಆ ದಿನ ಸುಮ್ಮನಿದ್ದವನ ಮಾತು ಆಮೇಲೆ ಪಂಚಾಯಿತಿಯಲ್ಲಿ ನಡೆಯುವುದಿಲ್ಲ. ವ್ಲೋರಾದ ಕಾಗದ ಆ ಎದ್ದು ನಿಲ್ಲುವಿಕೆ. ಅದರ ಹಿಂದೆ ಸೈನ್ಯವಿರಲಿಲ್ಲ, ಖಜಾನೆ ಇರಲಿಲ್ಲ. ಆದರೂ ಆ ಸಂಜೆ ಯುರೋಪಿನ ದೊಡ್ಡ ರಾಜ್ಯಗಳಿಗೆ, ಯುದ್ಧ ಮಾಡುತ್ತಿದ್ದ ನೆರೆಯ ದೇಶಗಳಿಗೆ, ಇಸ್ತಾಂಬುಲ್‌ಗೂ ತಂತಿಗಳು ಹೋದವು: ಅಲ್ಬೇನಿಯಾ ಸ್ವತಂತ್ರ, ಈ ಯುದ್ಧದಲ್ಲಿ ಅದು ತಟಸ್ಥ.

ಕೆಂಪು ಬಟ್ಟೆಯ ಮೇಲೆ ಎರಡು ತಲೆಯ ಕಪ್ಪು ಹದ್ದು; ಆ ಮನೆಯ ಮೊಗಸಾಲೆಯ ಮೇಲೆ ಹಾರಿದ ಆ ಬಾವುಟ ಎಲ್ಲಿಂದ ಬಂತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ವ್ಲೋರಾದ ಮಾರಿಗೊ ಪೊಸಿಯೊ ಎಂಬ ಮಹಿಳೆ ಅದನ್ನು ಹೊಲಿದು ಕಸೂತಿ ಹಾಕಿದರು ಎನ್ನುತ್ತಾರೆ ಹಲವರು. ಸ್ಕಂದರ್‌ಬೇಗನ ವಂಶಸ್ಥನೆಂದು ಹೇಳಿಕೊಳ್ಳುತ್ತಿದ್ದ ಸ್ಪೇನಿನ ಶ್ರೀಮಂತನೊಬ್ಬ ಹಿಂದೆ ಕೊಟ್ಟಿದ್ದ ಬಾವುಟ ಅದು ಎಂದು ಕೆಮಾಲಿಯ ಮನೆತನದ ಎಕ್ರೆಮ್ ಬೇ ವ್ಲೋರಾ ಬರೆದಿಟ್ಟಿದ್ದಾರೆ. ಯಾವುದೇ ಇರಲಿ, ಅಲ್ಬೇನಿಯಾದ ಶಾಲಾ ಮಕ್ಕಳು ಕಲಿಯುವುದು ಮಾರಿಗೊ ಹೆಸರನ್ನೇ.

ಡಿಸೆಂಬರ್ 4ರಂದು ತಾತ್ಕಾಲಿಕ ಸರ್ಕಾರ ರಚನೆಯಾಯಿತು. ಮುಸ್ಲಿಂ ಮನೆತನದ ಕೆಮಾಲಿ ಪ್ರಧಾನಿ. ಉಪಪ್ರಧಾನಿ ಕೆಥೊಲಿಕ್ ಪಾದ್ರಿ ನಿಕೊಲ್ ಕಚೋರಿ. ಹಿರಿಯರ ಮಂಡಳಿಗೆ ದಿಬ್ರಾದ ಮುಫ್ತಿ ವೆಹ್ಬಿ ಅಧ್ಯಕ್ಷ. ನ್ಯಾಯ ಖಾತೆ, ಕೃಷಿ ಖಾತೆ ಆರ್ಥೊಡಾಕ್ಸ್ ಕ್ರೈಸ್ತರಿಗೆ. ಶಿಕ್ಷಣ ಗುರಾಕುಚಿಗೆ. ಬಾಲ್ಕನ್ನಿನ ಉಳಿದ ದೇಶಗಳು ಒಂದೊಂದು ಚರ್ಚಿನ ಸುತ್ತ ಕಟ್ಟಿಕೊಂಡಂಥವು. ಅಲ್ಬೇನಿಯನ್ನರಲ್ಲಿ ಮೂರು ಮತಗಳು. ಮತವನ್ನು ಮುಂದೆ ಮಾಡಿದ್ದರೆ ದೇಶ ಮೊದಲ ದಿನವೇ ಮೂರು ಹೋಳಾಗುತ್ತಿತ್ತು. ಆ ಮಂತ್ರಿಮಂಡಲದ ಪಟ್ಟಿಯನ್ನು ಓದುವಾಗಲೆಲ್ಲ ಅದರ ಹಿಂದಿನ ಎಚ್ಚರಕ್ಕೆ ನಾನು ತಲೆಬಾಗುತ್ತೇನೆ. ಅಧಿಕಾರ ಹಂಚಿ ಉಣ್ಣುವ ಲೆಕ್ಕಾಚಾರಕ್ಕಿಂತ ಹೆಚ್ಚಿನದು ಅದರಲ್ಲಿದೆ.

ಸರ್ಕಾರದ ಕೈಯಲ್ಲಿದ್ದ ನೆಲವಾದರೂ ಎಷ್ಟು? ವ್ಲೋರಾ, ಬೆರಾತ್, ಫಿಯೆರ್, ಲುಶ್ನಿಯಾ ಸುತ್ತಮುತ್ತಲ ಒಂದು ತ್ರಿಕೋನ. ಉತ್ತರಕ್ಕೆ ಸರ್ಬರು, ಶ್ಕೋದ್ರಾ ಪಟ್ಟಣದ ಸುತ್ತ ಮಾಂಟೆನೆಗ್ರೊದ ಮುತ್ತಿಗೆ, ದಕ್ಷಿಣಕ್ಕೆ ಗ್ರೀಕರು. ಡಿಸೆಂಬರ್ ಮೊದಲ ವಾರವೇ ಗ್ರೀಕ್ ನೌಕೆಗಳು ವ್ಲೋರಾದ ಮೇಲೆ ಗುಂಡು ಹಾರಿಸಿದವು. ಆಮೇಲೆ ಸಮುದ್ರದ ದಾರಿ ಕಟ್ಟಿ, ಇಟಲಿಗೆ ಹೋಗುವ ತಂತಿಯ ಕೇಬಲ್ ಕಡಿದು ಊರಿಗೆ ಹೊರಲೋಕದ ಸುದ್ದಿಯೇ ತಲುಪದಂತೆ ಮಾಡಿದವು. ಸೋತು ಹಿಂದೆ ಸರಿದ ಆಟೊಮನ್ ಸೈನ್ಯದ ಹಸಿದ ತುಕಡಿಗಳೂ ಅದೇ ತ್ರಿಕೋನದಲ್ಲಿ ಬೀಡುಬಿಟ್ಟಿದ್ದವು.

ಇಂಥದ್ದರ ನಡುವೆಯೂ ಆ ಸರ್ಕಾರ ಅಂಚೆ ಇಲಾಖೆ ನಡೆಸಿತು. ಲೆಫ್ ನೋಸಿ ಅಂಚೆ ಮಂತ್ರಿ. ಅಂಚೆಚೀಟಿ ಅಚ್ಚು ಹಾಕಿಸಲು ಮುದ್ರಣಾಲಯವಿರಲಿಲ್ಲ. ಗೋದಾಮಿನಲ್ಲಿ ಉಳಿದಿದ್ದ ಟರ್ಕಿಯ ಅಂಚೆಚೀಟಿಗಳ ಮೇಲೆ ಎರಡು ತಲೆಯ ಹದ್ದಿನ ಮುದ್ರೆಯನ್ನು ಒಂದೊಂದಾಗಿ ಕೈಯಿಂದಲೇ ಒತ್ತಿದರು. ಒತ್ತಿದ ಕೈ ಅಲ್ಲಾಡಿದ ಕಡೆ ಹದ್ದು ಓರೆಯಾಗಿದೆ, ಮಸಿ ಹೆಚ್ಚಾದ ಕಡೆ ರೆಕ್ಕೆ ಕಲಸಿಹೋಗಿದೆ; ಕೆಳಗೆ ಸುಲ್ತಾನನ ಬಳ್ಳಿ ಬಳ್ಳಿಯಾದ ಲಾಂಛನ ಹಾಗೇ ಕಾಣುತ್ತದೆ. ಅಂಚೆಚೀಟಿ ಸಂಗ್ರಾಹಕರು ಈಗ ಅವಕ್ಕೆ ಭಾರಿ ಬೆಲೆ ಕೊಡುತ್ತಾರೆ. 1913ರ ಬೇಸಿಗೆಯಲ್ಲಿ ಆ ಚೀಟಿ ಅಂಟಿಸಿದ ಪತ್ರ ಒಂದೂರಿನಿಂದ ಇನ್ನೊಂದೂರಿಗೆ ತಲುಪಿದ್ದೇ ಸರ್ಕಾರ ಇದೆ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಅಲ್ಬೇನಿಯಾದ ಹಣೆಬರಹವನ್ನು ಬರೆಯುತ್ತಿದ್ದವರು ಲಂಡನ್‌ನಲ್ಲಿದ್ದರು. 1912ರ ಡಿಸೆಂಬರ್ 17ರಿಂದ ಆರು ದೊಡ್ಡ ರಾಜ್ಯಗಳ ರಾಯಭಾರಿಗಳು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಸರ್ ಎಡ್ವರ್ಡ್ ಗ್ರೇ ಅಧ್ಯಕ್ಷತೆಯಲ್ಲಿ ಕೂತು ಗಡಿ ಗೀಚುತ್ತಿದ್ದರು. ಆಸ್ಟ್ರಿಯಾ ಒಂದು ಊರು ಕೇಳಿದರೆ ರಷ್ಯಾ ಇನ್ನೊಂದು ಕೇಳುತ್ತಿತ್ತು. ಶ್ಕೋದ್ರಾ ಅಲ್ಬೇನಿಯಾಕ್ಕೆ ಉಳಿಯಲಿ ಎಂದು ಜಾಕೋವಾ, ದಿಬ್ರಾ ಪಟ್ಟಣಗಳನ್ನು ಆಸ್ಟ್ರಿಯಾ ಬಿಟ್ಟುಕೊಟ್ಟಿತು. ಹಿರಿಯರ ಮಂಡಳಿಯ ಅಧ್ಯಕ್ಷರು ದಿಬ್ರಾದವರು ಎಂಬುದನ್ನು ನೆನೆಸಿಕೊಂಡರೆ ಆ ಕೊಡುಕೊಳ್ಳುವಿಕೆ ಎಷ್ಟು ಕ್ರೂರವಾಗಿತ್ತು ಎಂದು ತಿಳಿಯುತ್ತದೆ.

ಕೆಮಾಲಿ 1913ರ ವಸಂತದಲ್ಲಿ, ಒಬ್ಬ ಫ್ರೆಂಚ್ ರಾಜವಂಶದ ಡ್ಯೂಕ್‌ನ ವಿಹಾರನೌಕೆಯಲ್ಲಿ ಗ್ರೀಕರ ಕಾವಲನ್ನು ದಾಟಿ, ಗುರಾಕುಚಿ ಮತ್ತು ಬೊಲೆತಿನಿ ಜೊತೆ ರೋಮ್, ವಿಯೆನ್ನಾ, ಪ್ಯಾರಿಸ್, ಲಂಡನ್ ಸುತ್ತಿದರು. ಲಂಡನ್‌ನಲ್ಲಿ ಬೊಲೆತಿನಿಯ ಬಗ್ಗೆ ಹುಟ್ಟಿದ ಕಥೆಯೊಂದನ್ನು ಅಲ್ಬೇನಿಯನ್ನರು ಇಂದಿಗೂ ಹೇಳುತ್ತಾರೆ. ಗ್ರೇ ಭೇಟಿಗೆ ಹೋದಾಗ ಸೊಂಟದ ಪಿಸ್ತೂಲನ್ನು ಬಾಗಿಲಲ್ಲೇ ತೆಗೆದಿಡಿಸಿದರಂತೆ. ಟರ್ಕಿಯ ಸೇನಾಪತಿಗೂ ಸಾಧ್ಯವಾಗದ್ದು ಲಂಡನ್‌ನಲ್ಲಿ ಆಯಿತಲ್ಲ, ನಿನ್ನ ಆಯುಧ ಇಳಿಸಿದೆವು ಎಂದು ಗ್ರೇ ನಗೆಯಾಡಿದಾಗ ಬೊಲೆತಿನಿ ಅಂಗಿಯೊಳಗಿಂದ ಎರಡನೇ ಪಿಸ್ತೂಲು ತೆಗೆದು ತೋರಿಸಿದನಂತೆ. ನಿಜವೋ ಕಟ್ಟುಕಥೆಯೋ, ಪಿಸ್ತೂಲಿನಿಂದ ಗಡಿ ಬದಲಾಗಲಿಲ್ಲ. 1913ರ ಜುಲೈ 29ರಂದು ರಾಯಭಾರಿಗಳು ಅಲ್ಬೇನಿಯಾವನ್ನು ಸ್ವತಂತ್ರ ರಾಜ್ಯವೆಂದು ಒಪ್ಪಿದರು. ಅದಕ್ಕೊಬ್ಬ ಯುರೋಪಿನ ರಾಜಕುಮಾರನನ್ನು ಹುಡುಕುವುದೆಂದೂ ಗೊತ್ತಾಯಿತು. ಕೊಸೊವೊ ಸರ್ಬಿಯಾ ಮತ್ತು ಮಾಂಟೆನೆಗ್ರೊಗೆ, ದಕ್ಷಿಣದ ಚಾಮೇರಿಯಾ ಗ್ರೀಸಿಗೆ. ಅಲ್ಬೇನಿಯನ್ ಮಾತಾಡುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೊರಗೆ. ಆ ಗಡಿಯನ್ನು ಸ್ಥಳ ಬಲ್ಲವರು ಟೀಕಿಸಬಹುದು, ದೊಡ್ಡ ರಾಜ್ಯಗಳ ಒಗ್ಗಟ್ಟು ಉಳಿಸುವುದೇ ಮುಖ್ಯವಾಗಿತ್ತು ಎಂದು ಗ್ರೇ ಆಗಸ್ಟ್‌ನಲ್ಲಿ ತಮ್ಮ ಸಂಸತ್ತಿನಲ್ಲೇ ಒಪ್ಪಿಕೊಂಡರು. ಆ ಒಗ್ಗಟ್ಟು ಒಂದು ವರ್ಷವೂ ಬಾಳಲಿಲ್ಲ. ಗಡಿ ಉಳಿಯಿತು, ಅದರ ನೋವೂ ಉಳಿಯಿತು.

ಕೆಮಾಲಿ ಸೋತದ್ದು ಇಲ್ಲಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನವೆಂಬರ್ 28ರ ಘೋಷಣೆ ಇಲ್ಲದಿದ್ದರೆ ಲಂಡನ್‌ನ ಮೇಜಿನ ಮೇಲೆ ಇರುತ್ತಿದ್ದದ್ದು ಗೆದ್ದವರು ಹಂಚಿಕೊಳ್ಳಬೇಕಾದ ಆಟೊಮನ್ ಜಿಲ್ಲೆಗಳು ಮಾತ್ರ. ಘೋಷಣೆಯಿಂದಾಗಿ ಅಲ್ಲಿ ಒಂದು ಜನ, ಒಂದು ಸರ್ಕಾರ, ಒಂದು ಹಕ್ಕುಪತ್ರ ಇದ್ದವು. ಅರ್ಧವಾದರೂ ಉಳಿದದ್ದು ಅದರಿಂದ.

ಒಳಗಿನ ಸೋಲು ಬೇರೆ. ಮುತ್ತಿಗೆಯಲ್ಲಿದ್ದ ಶ್ಕೋದ್ರಾವನ್ನು 1913ರ ಏಪ್ರಿಲ್‌ನಲ್ಲಿ ಮಾಂಟೆನೆಗ್ರೊಗೆ ಬಿಟ್ಟುಕೊಟ್ಟು, ತನ್ನ ಸೈನಿಕರನ್ನೂ ಬಂದೂಕುಗಳನ್ನೂ ಕರೆದುಕೊಂಡು ಹೊರಬಂದವನು ಎಸ್ಸಾದ್ ಪಾಷಾ. ಕೆಮಾಲಿ ಅವನಿಗೆ ಒಳಾಡಳಿತ ಖಾತೆ ಕೊಟ್ಟು ಸಮಾಧಾನ ಮಾಡಲು ನೋಡಿದರು. ಅಕ್ಟೋಬರ್‌ನಲ್ಲಿ ಆತ ದುರ್ರೆಸ್‌ನಲ್ಲಿ ತನ್ನದೇ ಬೇರೆ ಸರ್ಕಾರ ಹೂಡಿದ. ಸೈನಿಕರಿದ್ದವನ ಎದುರು ಸಹಿಗಳಿದ್ದವರ ಕೈ ಸಾಗಲಿಲ್ಲ.

ಕೆಮಾಲಿಯ ಹೆಸರಾಂತ ಫೋಟೊ ಒಂದಿದೆ. ವ್ಲೋರಾದ ಮನೆಯ ಮುಂದೆ ಜನಸಾಗರ, ಮಾಳಿಗೆಯ ಮೊಗಸಾಲೆಯಲ್ಲಿ ಅವರು. ಘೋಷಣೆಯ ದಿನದ ಚಿತ್ರವೆಂದೇ ಹಲವರು ಅದನ್ನು ಹಂ‍ಚುತ್ತಾರೆ. ಅದು ತೆಗೆದದ್ದು ಒಂದು ವರ್ಷದ ಮೇಲೆ, ಮೊದಲ ವಾರ್ಷಿಕೋತ್ಸವದಂದು. ಚಿತ್ರ ತೆಗೆದು ಎರಡು ತಿಂಗಳು ತುಂಬುವ ಮೊದಲೇ ಅವರ ಅಧಿಕಾರ ಮುಗಿಯಿತು. 1914ರ ಜನವರಿಯಲ್ಲಿ ಬೆಕಿರ್ ಎಂಬ ಅಧಿಕಾರಿ ಟರ್ಕಿಯಿಂದ ಸೈನಿಕರನ್ನು ಹಡಗಿನಲ್ಲಿ ವ್ಲೋರಾಕ್ಕೆ ತಂದ. ಅಲ್ಬೇನಿಯನ್ ಮೂಲದ ಆಟೊಮನ್ ಸೇನಾಪತಿ ಇಝ್ಝೆತ್ ಪಾಷಾನನ್ನು ಗದ್ದುಗೆಗೆ ತರುವ ಸಂಚು. ಪೊಲೀಸ್ ಪಡೆ ಕಟ್ಟಲು ಬಂದಿದ್ದ ಡಚ್ ಅಧಿಕಾರಿಗಳು ಅವರನ್ನು ಹಿಡಿದರು. ಕೆಮಾಲಿಗೂ ಇದು ಗೊತ್ತಿತ್ತು ಎಂಬ ಆರೋಪ ಬಂತು. ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಕೊಸೊವೊವನ್ನು ಮರಳಿ ಪಡೆಯಲು ಟರ್ಕಿಯ ನೆರವು ಸಿಗಬಹುದು ಎಂಬ ಆಸೆ ಅವರಿಗಿತ್ತೇನೋ. ಜೀವನವಿಡೀ ಇಸ್ತಾಂಬುಲ್‌ನ ಜೊತೆ ವ್ಯವಹರಿಸಿದವರಿಗೆ ಆ ಬಾಗಿಲು ಪೂರ್ತಿ ಮುಚ್ಚಿದೆ ಎಂದು ಒಪ್ಪುವುದು ಕಷ್ಟವಾಗಿದ್ದಿರಬೇಕು. ಜನವರಿ 22ರಂದು ಅಧಿಕಾರವನ್ನು ದೊಡ್ಡ ರಾಜ್ಯಗಳ ನಿಯಂತ್ರಣ ಆಯೋಗಕ್ಕೆ ಒಪ್ಪಿಸಿ ನಾಡು ಬಿಟ್ಟರು. ಮಾರ್ಚ್‌ನಲ್ಲಿ ಬಂದ ಜರ್ಮನ್ ರಾಜಕುಮಾರ ವೀಡ್‌ನ ವಿಲ್ಹೆಲ್ಮ್ ಸೆಪ್ಟೆಂಬರ್ ಹೊತ್ತಿಗೆ ಜಾಗ ಖಾಲಿ ಮಾಡಿದ.

ಮಹಾಯುದ್ಧದ ವರ್ಷಗಳಲ್ಲಿ ಹೆಚ್ಚಾಗಿ ಫ್ರಾನ್ಸ್‌ನಲ್ಲಿದ್ದ ಕೆಮಾಲಿ ಸಾಮರ್‌ವಿಲ್ ಸ್ಟೋರಿ ಎಂಬ ಇಂಗ್ಲಿಷ್ ಪತ್ರಕರ್ತನಿಗೆ ತಮ್ಮ ನೆನಪುಗಳನ್ನು ಹೇಳಿ ಬರೆಸಿದರು. ಪುಸ್ತಕ ಲಂಡನ್‌ನಲ್ಲಿ ಅಚ್ಚಾಗಿದ್ದು 1920ರಲ್ಲಿ, ಅವರು ತೀರಿಕೊಂಡ ಮೇಲೆ. ಅಲ್ಬೇನಿಯಾದ ಪಿತಾಮಹನ ಆತ್ಮಕಥೆ ಎಂದು ಕೈಗೆತ್ತಿಕೊಂಡವರಿಗೆ ಅಚ್ಚರಿ ಕಾದಿರುತ್ತದೆ. ಪುಟಗಟ್ಟಲೆ ಮಿಧತ್ ಪಾಷಾ, ಅಬ್ದುಲ್ ಹಮೀದ್, ಸಂವಿಧಾನ, ರಾಯಭಾರಿಗಳು. ವ್ಲೋರಾದ ಘೋಷಣೆ ಬರುವುದು ಕೊನೆಯಲ್ಲಿ, ಅದೂ ಚುಟುಕಾಗಿ. ತಮ್ಮ ಬದುಕನ್ನು ಅವರು ಕಂಡಿದ್ದು ಹಾಗೆ.

ಅವರ ಸಂಗಡಿಗರಿಗೆ ಸುಖದ ಸಾವು ಬರಲಿಲ್ಲ. ಬೊಲೆತಿನಿ 1916ರಲ್ಲಿ ಪೊಡ್ಗೊರಿಕಾದಲ್ಲಿ ಗುಂಡಿಗೆ ಬಲಿಯಾದ. ಗುರಾಕುಚಿಯನ್ನು 1925ರಲ್ಲಿ ಇಟಲಿಯ ಬಾರಿಯಲ್ಲಿ ಕೊಂದರು, ಹಸನ್ ಪ್ರಿಷ್ತಿನಾರನ್ನು 1933ರಲ್ಲಿ ಥೆಸಲೋನಿಕಿಯಲ್ಲಿ. ಎಸ್ಸಾದ್ ಪಾಷಾನನ್ನೂ 1920ರಲ್ಲಿ ಪ್ಯಾರಿಸ್‌ನಲ್ಲಿ ಅಲ್ಬೇನಿಯನ್ ಯುವಕನೊಬ್ಬ ಕೊಂದ. ಕೆಮಾಲಿ 1919ರ ಜನವರಿಯಲ್ಲಿ, ಪ್ಯಾರಿಸ್ ಶಾಂತಿ ಸಮ್ಮೇಳನ ಆಗಷ್ಟೇ ಶುರುವಾಗಿದ್ದಾಗ, ಇಟಲಿಯ ಪೆರೂಜಾದ ಹೋಟೆಲೊಂದರಲ್ಲಿ ಹಠಾತ್ತನೆ ತೀರಿಕೊಂಡರು. ವಿಷ ಹಾಕಿದರು ಎಂಬ ಗುಸುಗುಸು ಎದ್ದಿತು, ರುಜುವಾತಾಗಲಿಲ್ಲ.

ದೇಹವನ್ನು ವ್ಲೋರಾಕ್ಕೆ ತಂದು ಊರ ಮೇಲಿನ ಕನೀನಾ ಬೆಟ್ಟದ ದರ್ಗಾದಲ್ಲಿ ಮಣ್ಣು ಮಾಡಿದರು. 1932ರಲ್ಲಿ ಅಲ್ಲಿಂದ ಪಟ್ಟಣದ ಬಾವುಟ ಚೌಕಕ್ಕೆ ಸ್ಥಳಾಂತರಿಸಿ, ಶಿಲ್ಪಿ ಒಡಿಸ್ಸೆ ಪಾಸ್ಕಾಲಿ ಮಾಡಿದ ಬಾವುಟ ಹಿಡಿದ ಸೈನಿಕನ ಪ್ರತಿಮೆಯನ್ನು ನಿಲ್ಲಿಸಿದರು. ಇಂದು ಅಲ್ಬೇನಿಯಾದ 500 ಲೆಕ್ ನೋಟಿನ ಮೇಲೆ ಅವರ ಮುಖವಿದೆ.

ಅವರನ್ನು ಮಣ್ಣು ಮಾಡಿದಾಗ ವ್ಲೋರಾ ಇಟಲಿಯ ಸೈನ್ಯದ ಕೈಯಲ್ಲಿತ್ತು. ಪ್ಯಾರಿಸ್‌ನಲ್ಲಿ ಕೂತವರು ಮತ್ತೊಮ್ಮೆ ಅಲ್ಬೇನಿಯಾವನ್ನು ಇಟಲಿ, ಗ್ರೀಸ್, ಯುಗೊಸ್ಲಾವಿಯಾಗಳಿಗೆ ಹಂಚುವ ಮಾತಾಡುತ್ತಿದ್ದರು. 1920ರ ಜನವರಿಯಲ್ಲಿ ಲುಶ್ನಿಯಾದಲ್ಲಿ ಪ್ರತಿನಿಧಿಗಳು ಮತ್ತೆ ಸಭೆ ಸೇರಿ ಹೊಸ ಸರ್ಕಾರ ರಚಿಸಿದರು. ಬೇಸಿಗೆಯಲ್ಲಿ ವ್ಲೋರಾ ಸುತ್ತಲ ಹಳ್ಳಿಯವರು ಬಂದೂಕು ಹಿಡಿದು ಇಟಲಿಯ ಸೈನ್ಯವನ್ನು ಸುತ್ತುವರಿದರು. ಆಗಸ್ಟ್‌ನಲ್ಲಿ ಇಟಲಿ ಪಟ್ಟಣ ಬಿಟ್ಟು ಹೋಗಲು ಒಪ್ಪಿತು. ಆ ವರ್ಷದ ಡಿಸೆಂಬರ್ 17ರಂದು ಜಿನೀವಾದಲ್ಲಿ ಲೀಗ್ ಆಫ್ ನೇಷನ್ಸ್ ಅಲ್ಬೇನಿಯಾವನ್ನು ತನ್ನ ಸದಸ್ಯ ರಾಷ್ಟ್ರವಾಗಿ ಸೇರಿಸಿಕೊಂಡಿತು.